ಮಾನ್ಯಖೇಟ: ಪರಭಾಷೆಗಳಲ್ಲಿ ಉಳಿದ ರಾಜಧಾನಿ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಭೀಮೆಯ ಉಪನದಿಯಾದ ಕಾಗಿಣಾದ ದಂಡೆಯ ಮೇಲೆ ಮಳಖೇಡವೆಂಬ ಊರಿದೆ. ಸುಣ್ಣಕಲ್ಲಿನ ನೆಲ, ತೊಗರಿಯ ಹೊಲಗಳು, ಸಿಮೆಂಟು ಕಾರ್ಖಾನೆಯ ಚಿಮಣಿಗಳು. ನದಿಯ ಪಕ್ಕದಲ್ಲಿ ನಂತರದ ಕಾಲದ ಅರಸರು ತಿದ್ದಿ ಕಟ್ಟಿದ ಶಿಥಿಲ ಕೋಟೆ. ಜೈನ ಯಾತ್ರಿಕರು ಇಲ್ಲಿನ ನೇಮಿನಾಥ ಬಸದಿಗೆ ಬರುತ್ತಾರೆ. ಮಾಧ್ವ ಪರಂಪರೆಯವರು ಬೃಂದಾವನಗಳ ದರ್ಶನಕ್ಕೆ ಬರುತ್ತಾರೆ. ಇಬ್ಬರಿಗೂ ಬಂದ ಕಾರ್ಯ ಕೈಗೂಡುತ್ತದೆ. ಬರಿಗೈಯಲ್ಲಿ ಹಿಂದಿರುಗುವವನೆಂದರೆ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯನ್ನು ಕಾಣಬೇಕೆಂದು ಬಂದವನು. ಅವನ ಕಣ್ಣಿಗೆ ಅರಮನೆಯಿಲ್ಲ, ಬೀದಿಗಳಿಲ್ಲ, ಕೆರೆ ಕಟ್ಟೆಗಳ ಸಾಲಿಲ್ಲ.

ಕರ್ನಾಟಕದ ಇತರ ರಾಜಧಾನಿಗಳ ಸ್ಥಿತಿ ಹೀಗಿಲ್ಲ. ಹಂಪೆಯೂ ಪಟ್ಟದಕಲ್ಲೂ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಬಾದಾಮಿಯ ಗುಹೆಗಳು ನೋಡುಗನಿಗೆ ತಾವೇ ಮಾತನಾಡುತ್ತವೆ. ರಾಷ್ಟ್ರಕೂಟರ ಹೆಸರನ್ನು ಲೋಕಕ್ಕೆ ಸಾರುವ ಎಲ್ಲೋರದ ಕೈಲಾಸ ದೇವಾಲಯವಾದರೋ ಮಾನ್ಯಖೇಟದಿಂದ ಬಹುದೂರದಲ್ಲಿದೆ. ಒಂದನೆಯ ಕೃಷ್ಣನ ಕಾಲಕ್ಕೆ ಸೇರಿದ ಆ ನಿರ್ಮಾಣ ಮಾನ್ಯಖೇಟದ ವೈಭವಕ್ಕಿಂತ ಹಿಂದಿನದು. ಹೀಗಾಗಿ ಶಿಲ್ಪವನ್ನು ಅಳತೆಗೋಲಾಗಿ ಹಿಡಿದರೆ ಮಾನ್ಯಖೇಟಕ್ಕೆ ಜಾಗತಿಕ ಮಹತ್ವವಿರಲಿ, ಪ್ರಾದೇಶಿಕ ಮಹತ್ವವೂ ದಕ್ಕುವುದು ಕಷ್ಟ. ಆದರೂ ಒಂಬತ್ತು ಮತ್ತು ಹತ್ತನೆಯ ಶತಮಾನಗಳಲ್ಲಿ ಈ ನಗರವನ್ನು ಬಾಗ್ದಾದಿನ ಓದುಗರು ಬಲ್ಲವರಾಗಿದ್ದರು. ಧಾರಾನಗರಿಯ ಕವಿ ಬಲ್ಲವನಾಗಿದ್ದನು. ಹನ್ನೊಂದನೆಯ ಶತಮಾನದ ಚೋಳ ಪ್ರಶಸ್ತಿಕಾರನೂ ಬಲ್ಲನು. ಅರಬ್ಬಿಯಲ್ಲಿ ಅದು ಮಾಂಕೀರ್, ಅಪಭ್ರಂಶದಲ್ಲಿ ಮಣ್ಣಖೇಡ, ತಮಿಳಿನಲ್ಲಿ ಮಣ್ಣೈಕ್ಕಡಕ್ಕಂ. ಇಂದಿನ ಹಳ್ಳಿಯ ಹೆಸರು ಸಂಸ್ಕೃತದ ರೂಪಕ್ಕಿಂತ ಅಪಭ್ರಂಶದ ರೂಪಕ್ಕೇ ಹತ್ತಿರವಾಗಿದೆ ಎಂಬುದು ಗಮನಿಸಬೇಕಾದ ಸಂಗತಿ. ಕಲ್ಲಿನಲ್ಲಿ ಉಳಿಯದ ಈ ನಗರ ಅನ್ಯರ ಬರಹಗಳಲ್ಲಿ ಉಳಿದ ಬಗೆಯನ್ನು ಒಂದೆಡೆ ಕೂಡಿಸಿ ನೋಡುವುದು ಅವಶ್ಯವಾಗಿದೆ.

ಎಂಟನೆಯ ಶತಮಾನದ ಮಧ್ಯದಲ್ಲಿ ದಂತಿದುರ್ಗನು ಬಾದಾಮಿಯ ಚಾಲುಕ್ಯರನ್ನು ಸೋಲಿಸಿ ಕಟ್ಟಿದ ರಾಜ್ಯವು ಧ್ರುವ, ಮೂರನೆಯ ಗೋವಿಂದರ ಕಾಲಕ್ಕೆ ಉತ್ತರದ ರಾಜಕಾರಣವನ್ನೂ ಅಲುಗಿಸುವಷ್ಟು ಬೆಳೆಯಿತು. 814ರಲ್ಲಿ ಬಾಲಕನಾಗಿಯೇ ಪಟ್ಟವೇರಿದ ಅಮೋಘವರ್ಷ ನೃಪತುಂಗನು ಸುಮಾರು 64 ವರ್ಷ ಆಳಿದನು. ಮಾನ್ಯಖೇಟವನ್ನು ಇಂದ್ರನ ನಗರಿಯನ್ನೂ ನಗುವಂತೆ ಕಟ್ಟಿದ ಕೀರ್ತಿಯನ್ನು ಮುಂದಿನ ರಾಷ್ಟ್ರಕೂಟ ತಾಮ್ರಶಾಸನಗಳು ಅವನಿಗೆ ಕೊಡುತ್ತವೆ. ನರ್ಮದೆಯ ಆಚೆಗೂ ತುಂಗಭದ್ರೆಯ ಈಚೆಗೂ ಕೈಚಾಚಿದ ಅರಸನಿಗೆ, ಪೂರ್ವದ ವೇಂಗಿಯ ಮೇಲೂ ಕಣ್ಣಿಡಬೇಕಾಗಿದ್ದ ಅರಸನಿಗೆ, ಭೀಮಾ ಕಣಿವೆಯ ಈ ಜಾಗ ಅನುಕೂಲವಾಗಿತ್ತೆನ್ನಬಹುದು. ಆದರೆ ಇಂದ್ರನ ನಗರಿಯನ್ನು ನಗುವ ಮಾತು ಪ್ರಶಸ್ತಿಯ ಮಾತು. ತನ್ನ ಒಡೆಯನ ಊರನ್ನು ಅಮರಾವತಿಗೆ ಹೋಲಿಸದ ಪ್ರಶಸ್ತಿಕಾರನು ಭಾರತದಲ್ಲಿ ಸಿಗುವುದು ದುರ್ಲಭ. ಆದುದರಿಂದ ಮಾನ್ಯಖೇಟದ ಸ್ಥಾನವನ್ನು ನಿರ್ಣಯಿಸಲು ಅದರ ಅನ್ನ ಉಣ್ಣದವರ ಸಾಕ್ಷ್ಯವೇ ಹೆಚ್ಚು ಬೆಲೆಯುಳ್ಳದ್ದು.

ಅಂಥ ಸಾಕ್ಷ್ಯಗಳಲ್ಲಿ ಮೊದಲನೆಯದು ಸಮುದ್ರದ ಕಡೆಯಿಂದ ಬಂದಿತು. 851ರಲ್ಲಿ ಸಿದ್ಧವಾದ, ಸುಲೈಮಾನನೆಂಬ ವರ್ತಕನ ಹೆಸರಿನೊಡನೆ ಬೆಸೆದುಕೊಂಡಿರುವ ಅರಬ್ಬಿ ವೃತ್ತಾಂತವೊಂದು ಚೀನಾ ಮತ್ತು ಹಿಂದೂದೇಶಗಳ ಸುದ್ದಿಗಳನ್ನು ಒಟ್ಟುಗೂಡಿಸಿದೆ. ಲೋಕದ ಮಹಾರಾಜರು ನಾಲ್ವರೆಂದು ಚೀನಾದವರೂ ಹಿಂದೂದೇಶದವರೂ ಒಪ್ಪುತ್ತಾರೆಂದು ಆ ಗ್ರಂಥ ಹೇಳುತ್ತದೆ. ಮೊದಲನೆಯವನು ಅರಬರ ಅರಸ, ಎಂದರೆ ಖಲೀಫ. ಎರಡನೆಯವನು ಚೀನಾದ ಚಕ್ರವರ್ತಿ. ಮೂರನೆಯವನು ರೂಮಿನ, ಎಂದರೆ ಕಾನ್‌ಸ್ಟಾಂಟಿನೋಪಲ್ಲಿನ ದೊರೆ. ನಾಲ್ಕನೆಯವನು ಕಿವಿ ಚುಚ್ಚಿಸಿಕೊಂಡ ಜನರ ಒಡೆಯನಾದ ಬಲ್ಹರಾ. ಬಲ್ಹರಾ ಎಂಬುದು ಒಬ್ಬನ ಹೆಸರಲ್ಲ, ಪಾರಸಿಕರ 'ಕಿಸ್ರಾ' ಎಂಬಂತೆ ಬಿರುದು ಎಂಬ ವಿವರಣೆಯನ್ನೂ ಗ್ರಂಥಕಾರನು ಸೇರಿಸಿದ್ದಾನೆ. ಸಂಸ್ಕೃತದ ವಲ್ಲಭರಾಜನು ಪ್ರಾಕೃತದಲ್ಲಿ ಬಲ್ಲಹರಾಯನಾಗಿ, ಅರಬ್ಬರ ಕಿವಿಯಲ್ಲಿ ಬಲ್ಹರಾ ಆದನು. ಹಳಗನ್ನಡ ಓದಿದವರಿಗೆ 'ಬಲ್ಲಹ' ಎಂಬ ರೂಪ ಅಪರಿಚಿತವಲ್ಲ. ವರ್ತಕನ ಕಿವಿಗೆ ಬಿದ್ದದ್ದು ಶಾಸನದ ಸಂಸ್ಕೃತವಲ್ಲ, ಬಂದರಿನ ಜನರ ಬಾಯಿಯ ಮಾತು ಎಂಬುದನ್ನು ಆ ಒಂದು ಪದವೇ ತೋರಿಸಿಕೊಡುತ್ತದೆ.

ಈ ವೃತ್ತಾಂತದ ಇನ್ನೊಂದು ವಿವರ ಕುತೂಹಲಕರವಾದದ್ದು. ಬಲ್ಹರಾ ವಂಶದ ಅರಸರು ದೀರ್ಘಾಯುಷಿಗಳು, ಕೆಲವೊಮ್ಮೆ ಐವತ್ತು ವರ್ಷ ಆಳುವವರು. ತಮ್ಮ ದೊರೆಗಳು ಅರಬರನ್ನು ಪ್ರೀತಿಯಿಂದ ಕಾಣುವುದರಿಂದಲೇ ಈ ಆಯುಷ್ಯ ಲಭಿಸಿದೆಯೆಂದು ಆ ದೇಶದ ಜನ ಹೇಳಿಕೊಳ್ಳುತ್ತಾರೆಂದು ಗ್ರಂಥ ಹೇಳುತ್ತದೆ. 851ರ ವೇಳೆಗೆ ಅಮೋಘವರ್ಷನು ಪಟ್ಟವೇರಿ 37 ವರ್ಷಗಳಾಗಿದ್ದವು. ವರ್ತಕರ ಹೊಗಳಿಕೆಯಲ್ಲಿ ಅತಿಶಯವಿದ್ದರೂ ಕೆಳಗೊಂದು ವಾಸ್ತವದ ತಳವಿತ್ತು. ಗುರ್ಜರ ಅರಸನು ಅರಬರಿಗೆ ಹಗೆಯೆಂದೂ ಬಲ್ಹರಾ ಮಿತ್ರನೆಂದೂ ಆ ಲೇಖಕರು ಮತ್ತೆ ಮತ್ತೆ ಹೇಳುವಾಗ ಅದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು. ರಾಷ್ಟ್ರಕೂಟರಿಗೆ ಗುರ್ಜರ ಪ್ರತಿಹಾರರು ಪ್ರತಿಸ್ಪರ್ಧಿಗಳು. ಸಿಂಧ್‌ನ ಅರಬರಿಗೂ ಅವರೇ ಎದುರಾಳಿಗಳು. ಮಾನ್ಯಖೇಟದ ಉದಾರತೆಯನ್ನು ಮೆಚ್ಚುವಾಗ ಈ ರಾಜಕೀಯ ಹಿನ್ನೆಲೆಯನ್ನು ಮರೆಯಲಾಗದು.

ಹತ್ತನೆಯ ಶತಮಾನದ ಅಲ್-ಮಸೂದಿ ಸ್ವತಃ ಹಿಂದೂದೇಶಕ್ಕೆ ಬಂದವನು. ಕೊಂಕಣ ತೀರದ ಸೈಮೂರಿನಲ್ಲಿ, ಎಂದರೆ ಚೌಲ್‌ನಲ್ಲಿ, ಹಿಜರಿ 304ರಲ್ಲಿ ಅವನು ಇದ್ದನು. ಅದು ಮೂರನೆಯ ಇಂದ್ರನ ಆಳ್ವಿಕೆಯ ಕಾಲ. 'ಬಂಗಾರದ ಹುಲ್ಲುಗಾವಲುಗಳು' ಎಂಬ ಅರ್ಥದ ಹೆಸರುಳ್ಳ ತನ್ನ ಗ್ರಂಥದಲ್ಲಿ ಅವನು ಬಲ್ಹರಾನ ರಾಜಧಾನಿ ಮಾಂಕೀರ್ ಎಂದು ಹೇಳಿ, ಅದು ಸಮುದ್ರದಿಂದ ಎಂಬತ್ತು ಸಿಂಧಿ ಫರ್ಸಖ್ ದೂರದಲ್ಲಿದೆಯೆಂದೂ ಒಂದೊಂದು ಫರ್ಸಖ್ ಎಂಟು ಮೈಲಿಯೆಂದೂ ಲೆಕ್ಕ ಕೊಡುತ್ತಾನೆ. ಈ ಲೆಕ್ಕ ನಿಜವಾದ ದೂರಕ್ಕಿಂತ ಬಹಳ ಹೆಚ್ಚು. ಕಡಲಿನಿಂದ ಅತಿ ದೂರದ ಒಳನಾಡಿನ ಮಹಾನಗರವೆಂಬ ಕಲ್ಪನೆ ಆ ಅಂಕಿಯಲ್ಲಿ ವ್ಯಕ್ತವಾಗಿದೆ. ಬಂದರಿನಲ್ಲಿ ನಿಂತವರಿಗೆ ಮಾನ್ಯಖೇಟವು ಕೇಳಿ ತಿಳಿದ ಊರು. ಸುಂಕದ ಕಟ್ಟೆಯ ಹಿಂದೆ, ಘಟ್ಟಗಳ ಆಚೆ ಇರುವ ಅಧಿಕಾರದ ನೆಲೆ.

ಮಸೂದಿಯ ಮಾತುಗಳಲ್ಲಿ ಕನ್ನಡಿಗರಿಗೆ ಅತ್ಯಂತ ಮುಖ್ಯವಾದದ್ದು ಭಾಷೆಯ ಉಲ್ಲೇಖ. ಸೈಮೂರು, ಸೋಪಾರ, ಠಾಣೆ ಮೊದಲಾದ ಕರಾವಳಿಯ ಊರುಗಳಲ್ಲಿ 'ಲಾರಿಯಾ' ಎಂಬ ನುಡಿ. ಮಾಂಕೀರಿನ ನುಡಿಯಾದರೋ 'ಕೀರಿಯಾ', ಅದು ಕೀರಾ ಎಂಬ ನಾಡಿನ ಹೆಸರಿನಿಂದ ಬಂದದ್ದು ಎಂದು ಅವನು ಬರೆದಿದ್ದಾನೆ. ಈ ಕೀರಿಯಾ ಎಂಬುದು ಕನ್ನಡವೇ ಎಂದು ರಾಷ್ಟ್ರಕೂಟ ಇತಿಹಾಸಕಾರ ಅನಂತ ಸದಾಶಿವ ಅಳ್ತೇಕರ್ ಮೊದಲಾದವರು ಭಾವಿಸಿದ್ದಾರೆ. ಅರಬ್ಬಿ ಲಿಪಿಯಲ್ಲಿ ಚುಕ್ಕೆಗಳ ಸ್ಥಾನ ಬದಲಾದರೆ ಅಕ್ಷರವೇ ಬದಲಾಗುತ್ತದೆ. 'ಕನ್ನರಿ'ಯಂಥ ಪದವು ನಕಲುಕಾರರ ಕೈಯಲ್ಲಿ ಬೇರೆ ರೂಪ ತಾಳುವುದು ಅಸಂಭವವೇನಲ್ಲ. ಈ ಅಭಿಪ್ರಾಯವನ್ನು ಒಪ್ಪಿದರೆ, ಚಕ್ರವರ್ತಿಯ ನಗರಿಯ ನುಡಿಯೆಂಬ ಗೌರವದೊಡನೆ ಕನ್ನಡವು ಅರಬ್ಬಿ ಭೂಗೋಳ ಸಾಹಿತ್ಯವನ್ನು ಪ್ರವೇಶಿಸಿತೆಂದಾಯಿತು.

ಇದರ ಪಕ್ಕದಲ್ಲಿ ಕವಿರಾಜಮಾರ್ಗವನ್ನಿಟ್ಟು ನೋಡಬೇಕು. ನೃಪತುಂಗನ ಆಸ್ಥಾನದ ಶ್ರೀವಿಜಯನ ಆ ಕೃತಿ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಗುರುತಿಸುತ್ತದೆ; ಅದರೊಳಗೆ ಕನ್ನಡದ ತಿರುಳಿನ ಪ್ರದೇಶವೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಎತ್ತಿ ತೋರಿಸುತ್ತದೆ. ಈ ನಾಲ್ಕು ಊರುಗಳಲ್ಲಿ ಮಾನ್ಯಖೇಟವಿಲ್ಲ. ರಾಜಧಾನಿಯ ಕವಿ ತನ್ನ ರಾಜಧಾನಿಯ ಕನ್ನಡವನ್ನೇ ಪ್ರಮಾಣವೆಂದು ಸಾರದೆ, ದೂರದ ಮಲಪ್ರಭೆ ತುಂಗಭದ್ರೆಗಳ ನಡುವಿನ ಕನ್ನಡಕ್ಕೆ ಆ ಗೌರವವನ್ನು ಕೊಟ್ಟನು. ಹೊರಗಿನ ಪ್ರವಾಸಿಗೆ ಮಾಂಕೀರಿನ ನುಡಿ ಒಂದೇ. ಒಳಗಿನ ಲಾಕ್ಷಣಿಕನಿಗೆ ತನ್ನ ನಗರ ಹಲವು ನುಡಿಗಳು ಬೆರೆಯುವ ತಾಣ, ಶುದ್ಧ ಕನ್ನಡದ ನೆಲೆ ಬೇರೊಂದು ಎಂಬ ಎಚ್ಚರವಿತ್ತು. ಮಾನ್ಯಖೇಟದ ಬಹುಭಾಷಿಕ ಸ್ವರೂಪಕ್ಕೆ ಈ ಮೌನಕ್ಕಿಂತ ಒಳ್ಳೆಯ ಸಾಕ್ಷ್ಯ ದೊರೆಯಲಾರದು.

ಅರಬ್ ಲೇಖಕರು ಹೇಳುವ ಸ್ನೇಹವನ್ನು ಪರೀಕ್ಷಿಸಲು ಈ ನೆಲದ ದಾಖಲೆಯೂ ಇದೆ. ಬಲ್ಹರಾನ ಊರುಗಳಲ್ಲಿ ಮುಸಲ್ಮಾನರ ಮಸೀದಿಗಳಿವೆಯೆಂದೂ, ಅವರ ವ್ಯವಹಾರಗಳನ್ನು ನೋಡಿಕೊಳ್ಳಲು ಅವರವರಲ್ಲೇ ಒಬ್ಬನನ್ನು ಅರಸನು ನೇಮಿಸುತ್ತಾನೆಂದೂ ಇಸ್ತಖ್ರಿ, ಇಬ್ನ್ ಹೌಕಲ್‌ ಎಂಬ ಭೂಗೋಳಕಾರರು ಬರೆದಿದ್ದಾರೆ. ಮಹಾರಾಷ್ಟ್ರದ ಚಿಂಚಣಿಯಲ್ಲಿ ದೊರೆತ ಶಕವರ್ಷ 848ರ, ಎಂದರೆ 926ರ, ತಾಮ್ರಶಾಸನ ಇದಕ್ಕಿಂತ ಮುಂದೆ ಹೋಗುತ್ತದೆ. ಸಂಜಾನ್ ಮಂಡಲದ ಆಡಳಿತವನ್ನು ಎರಡನೆಯ ಕೃಷ್ಣನು ತಾಜಿಕ ವಂಶದ ಮಧುಮತಿ ಎಂಬವನಿಗೆ ವಹಿಸಿದ್ದನೆಂದು ಅದು ತಿಳಿಸುತ್ತದೆ. ತಾಜಿಕನೆಂದರೆ ಅರಬನು, ಮಧುಮತಿಯೆಂದರೆ ಮಹಮ್ಮದ್ ಎಂಬ ಹೆಸರಿನ ಸಂಸ್ಕೃತ ವೇಷ. ಈ ಅಧಿಕಾರಿ ಹೊಳೆ ದಾಟಲು ಉಚಿತ ದೋಣಿಗಳನ್ನೂ ಅನ್ನಸತ್ರವನ್ನೂ ಏರ್ಪಡಿಸಿದನು. ಮೂರನೆಯ ಇಂದ್ರನ ಸಮ್ಮತಿಯಿಂದ ಭಗವತಿಯ ಮಠವೊಂದಕ್ಕೆ ಭೂದಾನವನ್ನೂ ಮಾಡಿದನು. ಅರಬ್ ಅಧಿಕಾರಿಯೊಬ್ಬ ದೇವಿಯ ಮಠಕ್ಕೆ ಕೊಟ್ಟ ದಾನವನ್ನು ಸಂಸ್ಕೃತದಲ್ಲಿ ಬರೆದು, ಮಾನ್ಯಖೇಟದ ಅರಸನ ಹೆಸರಿನಲ್ಲಿ ಕಾಯಂಗೊಳಿಸಲಾಯಿತು. ಸುಲೈಮಾನನ ವೃತ್ತಾಂತಕ್ಕೆ ಇದು ಈ ದಡದಿಂದ ಸಿಕ್ಕ ಉತ್ತರ.

ವರ್ತಕರು ಕಂಡದ್ದು ಸಂಪತ್ತು ಮತ್ತು ಸೈನ್ಯ. ಮಾನ್ಯಖೇಟದ ಇನ್ನೊಂದು ಸಂಚಯ ಅವರ ಕಣ್ಣಿಗೆ ಬೀಳಲಿಲ್ಲ, ಅದು ವಿದ್ಯೆ. ಇಲ್ಲೊಂದು ಎಚ್ಚರಿಕೆ ಬೇಕು. ರಾಷ್ಟ್ರಕೂಟರ ಕಾಲದ ಕೃತಿಗಳನ್ನೆಲ್ಲ ಮಾನ್ಯಖೇಟದಲ್ಲೇ ಬರೆಯಲಾಯಿತೆಂದು ಹೇಳುವ ರೂಢಿಯಿದೆ, ಅದು ಸರಿಯಲ್ಲ. ವೀರಸೇನಾಚಾರ್ಯರು ಆರಂಭಿಸಿ ಇಪ್ಪತ್ತು ಸಾವಿರ ಗ್ರಂಥದಷ್ಟು ಬರೆದಿದ್ದ 'ಜಯಧವಲಾ' ವ್ಯಾಖ್ಯಾನವನ್ನು ಶಿಷ್ಯ ಜಿನಸೇನಾಚಾರ್ಯರು ಇನ್ನೂ ನಲವತ್ತು ಸಾವಿರ ಸೇರಿಸಿ ಶಕವರ್ಷ 759ರಲ್ಲಿ, ಎಂದರೆ 837ರಲ್ಲಿ, ಮುಗಿಸಿದ್ದು ವಾಟಗ್ರಾಮದಲ್ಲಿ. ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ 898ರಲ್ಲಿ ಪೂಜೆ ನಡೆದದ್ದು ಬಂಕಾಪುರದಲ್ಲಿ. ಆದರೂ ಈ ಕೃತಿಗಳೆಲ್ಲ ಒಂದೇ ಅರಸುಮನೆಯ ನೆರಳನ್ನು ನೆನೆಯುತ್ತವೆ. ಜಿನಸೇನರ ಪಾದಗಳಿಗೆ ಎರಗಿ ಅಮೋಘವರ್ಷನು ತಾನು ಪವಿತ್ರನಾದೆನೆಂದು ಭಾವಿಸಿದನೆಂದು ಉತ್ತರಪುರಾಣದ ಪ್ರಶಸ್ತಿ ಸ್ಮರಿಸುತ್ತದೆ. ನಗರವು ಬರಹಗಾರರನ್ನೆಲ್ಲ ತನ್ನ ಕೋಟೆಯೊಳಗೆ ಕೂಡಿಹಾಕಲಿಲ್ಲ. ಅವರ ಬರಹಕ್ಕೆ ಅವಕಾಶವನ್ನು ಒದಗಿಸಿತು.

ಜಿನಸೇನರ 'ಪಾರ್ಶ್ವಾಭ್ಯುದಯ' ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಕಾವ್ಯ. ಕಾಳಿದಾಸನ ಮೇಘದೂತದ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಪದ್ಯದಲ್ಲಿಯೂ ಅಂಥ ಒಂದೆರಡು ಸಾಲುಗಳನ್ನು ನೆಯ್ದು, ಪಾರ್ಶ್ವನಾಥರ ಉಪಸರ್ಗದ ಕಥೆಯನ್ನು ಅವರು ಹೇಳಿದ್ದಾರೆ. ವಿರಹದ ಕಾವ್ಯವೊಂದರ ಮೈಯಲ್ಲಿ ವೈರಾಗ್ಯದ ಆತ್ಮವನ್ನು ನೆಲೆಗೊಳಿಸಿದ ಈ ಸಾಹಸಕ್ಕೆ ತಾನೇ ಬಯಸದ ಫಲವೊಂದು ಸಿಕ್ಕಿತು: ಒಂಬತ್ತನೆಯ ಶತಮಾನದಲ್ಲಿ ಮೇಘದೂತದ ಪಾಠ ಹೇಗಿತ್ತೆಂದು ತಿಳಿಯಲು ಇಂದಿನ ಸಂಪಾದಕರು ಪಾರ್ಶ್ವಾಭ್ಯುದಯದ ಬಳಿಗೆ ಹೋಗುತ್ತಾರೆ.

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವೂ ಅಮೋಘವರ್ಷನ ಸ್ತುತಿಯೊಡನೆ ಆರಂಭವಾಗುತ್ತದೆ. ಅದುವರೆಗೆ ಭಾರತದಲ್ಲಿ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಅಧ್ಯಾಯವಾಗಿತ್ತು. ಮಹಾವೀರಾಚಾರ್ಯರು ಅದನ್ನು ಗ್ರಹಗತಿಯ ಲೆಕ್ಕದಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದರು. ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆ, ದಾರಿಯಲ್ಲಿ ಎದುರಾಗುವ ಪಯಣಿಗರು, ಹಣ್ಣಿನ ರಾಶಿಯನ್ನು ಹಂಚಿಕೊಳ್ಳುವವರು ಇವೆಲ್ಲ ಅದರ ಲೆಕ್ಕಗಳಾಗುತ್ತವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಾರಣಸಹಿತ ಹೇಳಿದ ಗ್ರಂಥವಿದು; ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಹೇಳಿ ಎಡವಿದ ಗ್ರಂಥವೂ ಹೌದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿದ ಬಳಿಕ ಗಣಿತದ ಇತಿಹಾಸ ಬರೆಯುವ ಯಾವ ದೇಶದ ವಿದ್ವಾಂಸನೂ ಇದನ್ನು ಬಿಟ್ಟು ಮುಂದೆ ಹೋಗಲಾರದಂತಾಯಿತು.

ಶಾಕಟಾಯನ ಪಾಲ್ಯಕೀರ್ತಿಗಳು ತಮ್ಮ ಸಂಸ್ಕೃತ ವ್ಯಾಕರಣಕ್ಕೆ ಬರೆದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು 'ಅಮೋಘವೃತ್ತಿ' ಎಂದು ಕರೆದರು. ಇತ್ತೀಚೆಗೆ ನಡೆದ, ಲೋಕವಿದಿತವಾದ ಘಟನೆಯನ್ನು ಹೇಳುವ ಭೂತಕಾಲ ರೂಪಕ್ಕೆ ಉದಾಹರಣೆ ಬೇಕಾದಾಗ ಅವರು ಅಮೋಘವರ್ಷನು ಶತ್ರುಗಳನ್ನು ಸುಟ್ಟ ಸಂಗತಿಯನ್ನು ಎತ್ತಿಕೊಂಡಿದ್ದಾರೆ. ರಾಜಕೀಯದ ಸುದ್ದಿ ವ್ಯಾಕರಣದ ಉದಾಹರಣೆಯಾಗಿ ಉಳಿದ ಅಪರೂಪದ ಸಂದರ್ಭವಿದು. ಯಾಪನೀಯ ಸಂಘದವರಾದ ಇವರೇ ಸ್ತ್ರೀಯರಿಗೂ ಮೋಕ್ಷವುಂಟೆಂದು ವಾದಿಸುವ 'ಸ್ತ್ರೀನಿರ್ವಾಣಪ್ರಕರಣ'ವನ್ನು ರಚಿಸಿದರು. ಆ ಕಾಲದ ಆಸ್ಥಾನವು ಒಂದೇ ಮತದ ಒಂದೇ ಪಕ್ಷವನ್ನು ಪೋಷಿಸಲಿಲ್ಲವೆಂಬುದಕ್ಕೆ ಇಷ್ಟು ಸಾಕು. ಅಮೋಘವರ್ಷನೇ ಲೋಕೋಪದ್ರವವನ್ನು ಶಮನಗೊಳಿಸಲು ತನ್ನ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ಶಾಸನ ಹೇಳುತ್ತದೆ. ಜಿನಸೇನರಿಗೆ ಎರಗಿದ ತಲೆಯೂ ದೇವಿಗೆ ಬೆರಳನ್ನು ಕೊಟ್ಟ ಕೈಯೂ ಒಬ್ಬನವೇ. ಇಂದಿನ ಮತಗಣತಿಯ ಕೋಷ್ಟಕದಲ್ಲಿ ಅವನನ್ನು ಕೂರಿಸಲು ಹೊರಟವರಿಗೆಲ್ಲ ಈ ಎರಡು ಆಧಾರಗಳು ತೊಡಕಾಗಿಯೇ ಉಳಿದಿವೆ.

ಮಾನ್ಯಖೇಟದ ಹೆಸರು ಅತಿ ದೂರ ಪ್ರಯಾಣ ಮಾಡಿದ್ದು ಬಹುಶಃ ಒಂದು ಪುಟ್ಟ ಕೃತಿಯ ಜೊತೆಯಲ್ಲಿ. 'ಪ್ರಶ್ನೋತ್ತರರತ್ನಮಾಲಿಕೆ' ಎಂಬ ನೀತಿಗ್ರಂಥ ಪ್ರಶ್ನೆ ಮತ್ತು ಉತ್ತರಗಳ ರೂಪದಲ್ಲಿದೆ. ಕೆಲವು ಪ್ರತಿಗಳು ಇದನ್ನು ಶಂಕರಾಚಾರ್ಯರದೆಂದೂ ಕೆಲವು ವಿಮಲನೆಂಬವನದೆಂದೂ ಹೇಳುತ್ತವೆ. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನ ರಚನೆ ಇದೆಂದು ಜೈನ ಪಾಠದ ಕೊನೆಯ ಪದ್ಯ ಹೇಳುತ್ತದೆ. ಈ ಕೃತಿ ಟಿಬೆಟ್ಟಿನ ಭಾಷೆಗೆ ಅನುವಾದವಾಯಿತು. ಆ ಅನುವಾದವೂ ಕರ್ತೃವನ್ನು ಅಮೋಘವರ್ಷನೆಂದೇ ಗುರುತಿಸುತ್ತದೆ. ಕಾಗಿಣಾ ತೀರದ ಅರಸನ ಹೆಸರಿನ ಕೃತಿ ಹಿಮಾಲಯದ ಆಚೆಯ ಬೌದ್ಧರ ಗ್ರಂಥರಾಶಿಯಲ್ಲಿ ಜಾಗ ಪಡೆಯಿತು. ಅಲ್ಲಿಂದ 1858ರಲ್ಲಿ ಯೂರೋಪಿನ ವಿದ್ವಾಂಸ ಶೀಫ್ನರ್ ಅದನ್ನು ಅಚ್ಚಿಗೆ ತಂದನು. ಯಾವ ದಂಡಯಾತ್ರೆಯೂ ತಲುಪದ ಸ್ಥಳಗಳನ್ನು ಈ ನೀತಿಮಾಲೆ ತಲುಪಿತು.

ನಗರದ ಒಳಗೆ ಕುಳಿತು ಬರೆದವನೆಂದು ನಿಸ್ಸಂದೇಹವಾಗಿ ಹೇಳಬಲ್ಲ ಮಹಾಕವಿ ಪುಷ್ಪದಂತ. ಮೂರನೆಯ ಕೃಷ್ಣನ ಕಾಲದಲ್ಲಿ ಅವನು ದೂರದ ಊರಿನಿಂದ ಬಳಲಿ ಬಂದು ಮಾನ್ಯಖೇಟದ ಹೊರಗಿನ ತೋಟದಲ್ಲಿ ಕುಳಿತನು. ಊರೊಳಗೆ ಬರಬಾರದೇಕೆಂದು ಇಬ್ಬರು ಕೇಳಿದಾಗ, ದುರ್ಜನರ ಗಂಟುಹುಬ್ಬನ್ನು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಸಾಯುವುದೇ ಲೇಸೆಂದು ಉತ್ತರಿಸಿದನಂತೆ. ತಾನು ಕಪ್ಪು ಮೈಯವನು, ಕುರೂಪಿ, ಹೆಂಡತಿ ಮಕ್ಕಳಿಲ್ಲದವನು ಎಂದು ಹೇಳಿಕೊಂಡ ಕವಿ ತನ್ನನ್ನು 'ಅಭಿಮಾನಮೇರು' ಎಂದೂ ಕರೆದುಕೊಂಡನು. ಅರಸನ ಮಂತ್ರಿ ಭರತನು ಅವನನ್ನು ಮನೆಗೆ ಕರೆದೊಯ್ದು ಇರಿಸಿಕೊಂಡನು. ಅಲ್ಲಿ 959ರಲ್ಲಿ ಆರಂಭವಾದ ಅಪಭ್ರಂಶ 'ಮಹಾಪುರಾಣ' 102 ಸಂಧಿಗಳಾಗಿ ಬೆಳೆದು 965ರಲ್ಲಿ ಮುಗಿಯಿತು. ಭರತನ ಮಗ ನನ್ನನ ಆಶ್ರಯದಲ್ಲಿ 'ಣಾಯಕುಮಾರಚರಿಉ', 'ಜಸಹರಚರಿಉ'ಗಳು ರಚಿತವಾದವು. ಕೃಷ್ಣರಾಜನ ಕೈಯ ಖಡ್ಗವೆಂಬ ನೀರಿನ ಕಂದಕದಿಂದ ದುರ್ಗಮವಾದ, ಬಿಳಿಯ ಸೌಧಗಳ ಶಿಖರಗಳಿಂದ ಮೋಡಗಳನ್ನು ತಾಗುವ ಮಣ್ಣಖೇಡವನ್ನು ಅವನು ಚಿತ್ರಿಸಿದ್ದಾನೆ. ತಾನು ವಾಸಿಸಿದ ಊರಿನ ಬಗ್ಗೆ ಆಶ್ರಿತ ಕವಿ ಆಡಿದ ಮಾತಾದರೂ, ಇಂದು ಆ ಸೌಧಗಳ ಪಾಲಿಗೆ ಉಳಿದಿರುವ ಆಕಾಶ ಅದೊಂದೇ.

ಆ ಖಡ್ಗದ ಕಂದಕ ಬಹಳ ಕಾಲ ಕಾಯಲಿಲ್ಲ. ಕೃಷ್ಣನ ಬಳಿಕ ಪಟ್ಟಕ್ಕೆ ಬಂದ ಖೊಟ್ಟಿಗನ ಮೇಲೆ ಮಾಳವದ ಪರಮಾರ ಸೀಯಕನು ನುಗ್ಗಿ ಬಂದು 972ರಲ್ಲಿ ಮಾನ್ಯಖೇಟವನ್ನು ಸೂರೆಗೊಂಡನು. ಈ ಘಟನೆಯ ಕಾಲವನ್ನು ನಿಖರವಾಗಿ ಹೇಳುವ ಆಧಾರ ರಾಷ್ಟ್ರಕೂಟರ ಶಾಸನವಲ್ಲ. ಅದು ಒಂದು ನಿಘಂಟು. ಧಾರಾನಗರಿಯ ಧನಪಾಲನು ತನ್ನ ತಂಗಿ ಸುಂದರಿಗಾಗಿ 'ಪಾಇಯಲಚ್ಛೀನಾಮಮಾಲಾ' ಎಂಬ ಪ್ರಾಕೃತ ಪದಕೋಶವನ್ನು ರಚಿಸಿ, ವಿಕ್ರಮ ಸಂವತ್ 1029ರಲ್ಲಿ, ಮಾಳವರ ದಾಳಿಯಿಂದ ಮಾನ್ಯಖೇಟವು ಲೂಟಿಯಾದಾಗ ಇದನ್ನು ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡನು. ಗೆದ್ದವರ ಊರಿನಲ್ಲಿ ಅಣ್ಣನೊಬ್ಬ ತಂಗಿಗೆ ಪದಗಳ ಅರ್ಥವನ್ನು ಹೇಳಿಕೊಡುತ್ತಿದ್ದ ವರ್ಷವೇ ಸೋತವರ ಊರು ಉರಿದ ವರ್ಷ. 1879ರಲ್ಲಿ ಬ್ಯೂಲರ್ ಈ ಕೋಶವನ್ನು ಪ್ರಕಟಿಸಿದಾಗ ರಾಷ್ಟ್ರಕೂಟರ ಪತನದ ಕಾಲನಿರ್ಣಯಕ್ಕೆ ಗಟ್ಟಿಯಾದ ಆಧಾರ ದೊರೆತಂತಾಯಿತು.

ಪುಷ್ಪದಂತನ ಮಹಾಪುರಾಣದ ಹಸ್ತಪ್ರತಿಗಳಲ್ಲಿ ಒಂದು ಸಂಸ್ಕೃತ ಪದ್ಯವಿದೆ. ದೀನಾನಾಥರ ಧನವಾಗಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ಮಾನ್ಯಖೇಟವು ಧಾರಾಧೀಶನ ಕೋಪಾಗ್ನಿಗೆ ಸುಟ್ಟುಹೋಯಿತು. ಕವಿ ಪುಷ್ಪದಂತನು ಇನ್ನು ಎಲ್ಲಿ ವಾಸಮಾಡುವನು ಎಂಬುದು ಅದರ ತಾತ್ಪರ್ಯ. 965ರಲ್ಲಿ ಮುಗಿದ ಕಾವ್ಯದಲ್ಲಿ 972ರ ಘಟನೆ ಬಂದಿರುವುದರಿಂದ ಆ ಪದ್ಯ ಅನಂತರ ಸೇರಿದ್ದೆಂಬುದು ಸ್ಪಷ್ಟ. ಪಾಠಶೋಧನೆಯ ದೃಷ್ಟಿಯಿಂದ ಅದು ಪ್ರಕ್ಷಿಪ್ತವೆನಿಸಬಹುದು. ಮನುಷ್ಯನ ದೃಷ್ಟಿಯಿಂದ ಅದು ಕೃತಿಯ ಅತ್ಯಂತ ಪ್ರಾಮಾಣಿಕ ಪದ್ಯಗಳಲ್ಲೊಂದು. ಊರ ಹೊರಗಿನ ತೋಟದಲ್ಲಿ ಕುಳಿತು ಒಳಗೆ ಬರಲು ಒಲ್ಲದಿದ್ದವನಿಗೆ ಕೊನೆಗೆ ಬಿಟ್ಟುಹೋಗಲು ಒಂದು ಊರು ಇತ್ತೆಂಬುದನ್ನು ಅದು ತಿಳಿಸುತ್ತದೆ.

ಮುಂದಿನದು ಸಂಕ್ಷಿಪ್ತ ಕಥೆ. 973ರಲ್ಲಿ ಚಾಲುಕ್ಯ ತೈಲಪನು ಅಧಿಕಾರವನ್ನು ಕಿತ್ತುಕೊಂಡನು. ರಾಷ್ಟ್ರಕೂಟ ವಂಶವನ್ನು ಮತ್ತೆ ನಿಲ್ಲಿಸಲು ಯತ್ನಿಸಿದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅವನು ಪಟ್ಟಕಟ್ಟಿದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದನು. ಚಂದ್ರಗಿರಿಯ ಶಾಸನ ಅವನ ಯುದ್ಧಗಳಿಗಿಂತ ಹೆಚ್ಚಾಗಿ ಅವನ ಚೆಂಡಾಟದ ಕೌಶಲವನ್ನು ಬಣ್ಣಿಸುತ್ತದೆ. ಮಾನ್ಯಖೇಟ ಕೆಲಕಾಲ ಚಾಲುಕ್ಯರ ರಾಜಧಾನಿಯಾಗಿ ಮುಂದುವರಿಯಿತು. ರಾಜೇಂದ್ರ ಚೋಳನ ಪ್ರಶಸ್ತಿ ತಾನು ಗೆದ್ದ, ಬಲವಾದ ಗೋಡೆಗಳುಳ್ಳ ಮಣ್ಣೈಕ್ಕಡಕ್ಕವನ್ನು ಹೆಸರಿಸುತ್ತದೆ. ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ ಮೇಲೆ ನಗರವು ನಿಧಾನವಾಗಿ ಹಳ್ಳಿಯಾಯಿತು.

ಹಳ್ಳಿಯಾದದ್ದು ಊರು. ಅದರ ವಿದ್ಯೆ ಬೇರೆಡೆಗೆ ಹೋಗಿ ಉಳಿಯಿತು. ಜಯಧವಲಾದ ತಾಳೆಗರಿಗಳನ್ನು ಮೂಡುಬಿದಿರೆಯ ಭಂಡಾರ ಶತಮಾನಗಳ ಕಾಲ ಕಾಪಾಡಿತು. ಪುಷ್ಪದಂತನ ಕಾವ್ಯಗಳನ್ನು ಬರಾರಿನ ಕಾರಂಜದ ಭಂಡಾರವೂ ಉಳಿಸಿಕೊಂಡು ಬಂದಿತು. ಹೀರಾಲಾಲ್ ಜೈನ್, ಪಿ. ಎಲ್. ವೈದ್ಯರಂಥ ವಿದ್ವಾಂಸರು ಇಪ್ಪತ್ತನೆಯ ಶತಮಾನದಲ್ಲಿ ಅವುಗಳನ್ನು ಬೆಳಕಿಗೆ ತಂದರು. ಪುಸ್ತಕಗಳನ್ನು ನಕಲು ಮಾಡಿಸಿ ಶಾಸ್ತ್ರದಾನ ಕೊಡುವ ಜೈನ ಸಂಪ್ರದಾಯವಿಲ್ಲದಿದ್ದರೆ ಸೀಯಕನ ಬೆಂಕಿ ಸೌಧಗಳಂತೆಯೇ ಗ್ರಂಥಗಳನ್ನೂ ತಿಂದುಹಾಕುತ್ತಿತ್ತು.

ಹೀಗೆ ಚದುರಿ ಉಳಿದದ್ದರಿಂದ ಒಂದು ನಷ್ಟವೂ ಆಗಿದೆ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಕವಿರಾಜಮಾರ್ಗ ಕನ್ನಡ ವಿಭಾಗಕ್ಕೆ ಸೇರಿದ್ದು. ಪಾರ್ಶ್ವಾಭ್ಯುದಯ ಸಂಸ್ಕೃತದವರಿಗೆ, ಜಯಧವಲಾ ಪ್ರಾಕೃತ ಮತ್ತು ಜೈನಶಾಸ್ತ್ರದವರಿಗೆ, ಗಣಿತಸಾರಸಂಗ್ರಹ ಗಣಿತದ ಇತಿಹಾಸಕಾರರಿಗೆ, ಸುಲೈಮಾನ ಮಸೂದಿಯರು ಇತಿಹಾಸ ವಿಭಾಗಕ್ಕೆ. ಪುಷ್ಪದಂತನನ್ನು ಹಿಂದಿ ಸಾಹಿತ್ಯ ಚರಿತ್ರೆಗಳು ತಮ್ಮ ಪೂರ್ವಪೀಠಿಕೆಯಲ್ಲಿ ಆದರದಿಂದ ಸೇರಿಸಿಕೊಂಡಿವೆ. ಒಂದೇ ಅರಸುಮನೆಯ ಸುತ್ತ ಬೆಳೆದ ಈ ಬರಹಗಳನ್ನು ಒಟ್ಟಾಗಿ ಓದುವ ತರಗತಿ ಮಾತ್ರ ದುರ್ಲಭ. ಪ್ರಾಕೃತ ಮತ್ತು ಅಪಭ್ರಂಶಗಳು ಕನ್ನಡ ಅಧ್ಯಯನದ ಸಹಭಾಷೆಗಳೆಂಬ ಪ್ರಜ್ಞೆ ಮಸುಕಾಗುತ್ತಿದ್ದಂತೆ ಮಾನ್ಯಖೇಟವೂ ಮಸುಕಾಗುತ್ತಿದೆ. ಕೋಟೆಯ ಗೋಡೆ ಕುಸಿಯುವುದು ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಒಂದು ಭಾಷೆಯನ್ನು ಓದಬಲ್ಲ ಕೊನೆಯ ಅಧ್ಯಾಪಕ ನಿವೃತ್ತನಾಗುವುದು ಸುದ್ದಿಯಾಗುವುದಿಲ್ಲ.

ಇದಕ್ಕೆ ಒಂದು ಉದಾಹರಣೆ ಸಾಕು. 'ಶಾಂತಿಪುರಾಣ'ದ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು ಮೂರನೆಯ ಕೃಷ್ಣ. ಪುಷ್ಪದಂತನಿಗೆ ಆಶ್ರಯವಿತ್ತ ಭರತನು ಅದೇ ಕೃಷ್ಣನ ಮಂತ್ರಿ. ಪೊನ್ನನು ಕನ್ನಡದಲ್ಲಿ ಹೇಳಿದ ಹದಿನಾರನೆಯ ತೀರ್ಥಂಕರ ಶಾಂತಿನಾಥರ ಕಥೆಯನ್ನು ಪುಷ್ಪದಂತನೂ ತನ್ನ ಮಹಾಪುರಾಣದಲ್ಲಿ ಅಪಭ್ರಂಶದಲ್ಲಿ ಹೇಳಿದ್ದಾನೆ. ಒಂದೇ ಅರಸನ ಕಾಲ, ಒಂದೇ ಧರ್ಮ, ಒಂದೇ ಕಥೆ. ಎರಡು ಭಾಷೆ, ಎರಡು ಛಂದಸ್ಸಿನ ಲೋಕ. ಚಂಪುವಿನ ಪ್ರೌಢ ಗತಿಯನ್ನೂ ಕಡವಕದ ಹಾಡುಗತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ ಮಾನ್ಯಖೇಟದ ಒಂದು ಬೀದಿಯಲ್ಲಿ ನಡೆದ ಅನುಭವವಾದೀತು. ಅಂಥ ಓದಿಗೆ ಉತ್ಖನನದ ಅನುಮತಿ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಎರಡೂ ಕೃತಿಗಳು ಅಚ್ಚಾಗಿ ಗ್ರಂಥಾಲಯಗಳಲ್ಲಿವೆ. ಅವುಗಳನ್ನು ಒಂದೇ ಮೇಜಿನ ಮೇಲೆ ತಂದಿಡುವವರು ಬೇಕಾಗಿದ್ದಾರೆ.